ಕೀರ್ತನೆಯ ‘ನಾನು’ ಯಾರು?

ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ಪ್ರಶ್ನೆ ನೋಡಲು ಚಿಕ್ಕದು. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 150 ಹಾಡುಗಳಿವೆ. ಅಳುವ, ಹೊಗಳುವ, ಶಪಿಸುವ, ದೇವರೊಡನೆ ಜಗಳಕ್ಕೆ ನಿಲ್ಲುವ, ಕ್ಷಮೆ ಬೇಡುವ, ರಾತ್ರಿಯಿಡೀ ನಿದ್ದೆಗೆಟ್ಟು ಹೊರಳುವ ಒಬ್ಬ ‘ನಾನು’ ಅವುಗಳಲ್ಲಿ ಮತ್ತೆ ಮತ್ತೆ ಬಾಯಿ ತೆರೆಯುತ್ತಾನೆ. ಈ ‘ನಾನು’ ಯಾರು? ಹೀಬ್ರೂ ಪಾಠದ 73 ಹಾಡುಗಳ ತಲೆಬರಹದಲ್ಲಿ ದಾವೀದನ ಹೆಸರಿದೆ. ಆದರೆ ತಲೆಬರಹದಲ್ಲಿ ಹೆಸರಿದ್ದ ಮಾತ್ರಕ್ಕೆ ಹಾಡಿನೊಳಗೆ ಮಾತಾಡುವವನು ಅವನೇ ಆಗಬೇಕಿಲ್ಲ. ಇದು ಕನ್ನಡಿಗರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಪುರಂದರದಾಸರ ಅಂಕಿತವಿರುವ ಹಾಡಿನಲ್ಲಿ ಯಶೋದೆ ಮಾತಾಡಿದರೆ ನಮಗೆ ಯಾವ ಗಲಿಬಿಲಿಯೂ ಆಗುವುದಿಲ್ಲ. ‘ಕೀರ್ತನೆ’ ಎಂಬ ಪದವನ್ನು ಆರಿಸಿಕೊಂಡ ಕನ್ನಡ ಬೈಬಲಿನ ಅನುವಾದಕರು ಈ ಸಲಿಗೆಯನ್ನೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಜೊತೆಗೆ ತಂದಿದ್ದಾರೆ. ಕ್ರೈಸ್ತ ಧರ್ಮದ ಮೊದಲ ಐದು ಶತಮಾನಗಳ ಬರಹಗಾರರ ಮೇಲೆ ಹೊರಿಸುವ ಆರೋಪವೊಂದಿದೆ: ಅವರು ಎಲ್ಲಿ ನೋಡಿದರೂ ಕ್ರಿಸ್ತನನ್ನೇ ಕಂಡರು, ಕಲ್ಲು ಕಂಡರೆ ಕ್ರಿಸ್ತ, ಮರ ಕಂಡರೆ ಶಿಲುಬೆ, ಅದು ವ್ಯಾಖ್ಯಾನವಲ್ಲ, ಭಕ್ತಿಯ ಆಟ ಎಂಬುದು ಆ ಆರೋಪ. ಅದರಲ್ಲಿ ನಿಜವಿಲ್ಲವೆಂದು ನಾನು ಹೇಳಲಾರೆ. ಆದರೆ ಅವರ ಓದಿನ ಬೇರು ರೂಪಕದ ಹುಚ್ಚಿನಲ್ಲಿಲ್ಲ, ವ್ಯಾಕರಣದ ಪಾಠಶಾಲೆಯಲ್ಲಿದೆ ಎಂಬುದು ನನ್ನ ವಾದ. ಮಾತಾಡುತ್ತಿರುವವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳುತ್ತ ಹೋದದ್ದರಿಂದಲೇ ಅವರ ಉಳಿದೆಲ್ಲ ತೀರ್ಮಾನಗಳು, ಒಳ್ಳೆಯವೂ ಕೆಟ್ಟವೂ, ಹುಟ್ಟಿದವು.

ಮೊದಲು ಸಾಕ್ಷ್ಯ ನೋಡೋಣ. ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಪೇತ್ರನು ಜೆರುಸಲೇಮಿನ ಜನರ ಮುಂದೆ 16ನೆಯ ಕೀರ್ತನೆಯನ್ನು ಎತ್ತಿಕೊಳ್ಳುತ್ತಾನೆ. ಅಲ್ಲಿ ‘ನಾನು’ ಎನ್ನುವವನು ತನ್ನ ದೇಹ ಕೊಳೆಯಲಾರದೆಂದು ನಂಬಿದ್ದಾನೆ. ಪೇತ್ರನ ತರ್ಕ ನೇರ: ದಾವೀದ ಸತ್ತಿದ್ದಾನೆ, ಅವನ ಸಮಾಧಿ ಇದೇ ಊರಿನಲ್ಲಿದೆ, ಆದ್ದರಿಂದ ಈ ಮಾತು ಅವನದಾಗಲಾರದು; ಅವನು ಇನ್ನೊಬ್ಬನ ಪರವಾಗಿ ನುಡಿದಿದ್ದಾನೆ. ಇದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ತರ್ಕದ ಜಾಡನ್ನು ಗಮನಿಸಿ. ಇಲ್ಲಿ ಯಾವ ಪದಕ್ಕೂ ಗೂಢಾರ್ಥ ಹಚ್ಚಿಲ್ಲ. ಮಾತು ಈ ಬಾಯಿಗೆ ಹೊಂದುವುದಿಲ್ಲ, ಹಾಗಾದರೆ ಯಾರ ಬಾಯಿಗೆ ಹೊಂದುತ್ತದೆ ಎಂದು ಕೇಳಲಾಗಿದೆ, ಅಷ್ಟೆ. ಹೊಸ ಒಡಂಬಡಿಕೆಯಲ್ಲಿ ಅತಿ ಹೆಚ್ಚು ಸಲ ಬಳಕೆಯಾದ ಹಳೆಯ ವಾಕ್ಯವೆಂದರೆ 110ನೆಯ ಕೀರ್ತನೆಯ ಮೊದಲ ವಾಕ್ಯ. ಅಲ್ಲಿನ ವಾದವೂ ಇದೇ ಬಗೆಯದು: ದಾವೀದನು ಇನ್ನೊಬ್ಬನನ್ನು ಒಡೆಯನೆಂದು ಕರೆಯುತ್ತಿದ್ದರೆ ಆ ಇನ್ನೊಬ್ಬ ಯಾರು?

ಕ್ರಿ.ಶ. 150ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಈ ಅಭ್ಯಾಸವನ್ನು ಒಂದು ಸೂತ್ರವನ್ನಾಗಿ ಮಾಡಿದ. ಪ್ರವಾದಿಗಳು ಒಮ್ಮೆ ತಂದೆಯಾದ ದೇವರ ಪಾತ್ರದಲ್ಲಿ, ಒಮ್ಮೆ ಕ್ರಿಸ್ತನ ಪಾತ್ರದಲ್ಲಿ, ಒಮ್ಮೆ ಅವರಿಗೆ ಉತ್ತರ ಕೊಡುವ ಜನರ ಪಾತ್ರದಲ್ಲಿ ಮಾತಾಡುತ್ತಾರೆ. ಒಬ್ಬನೇ ಲೇಖಕ ನಾಟಕದ ಹಲವು ಪಾತ್ರಗಳಿಗೆ ಮಾತು ಬರೆಯುವಂತೆ ಇದೂ ಎಂದು ಅವನ ವಿವರಣೆ. ಅವನು ಬಳಸುವ ಗ್ರೀಕ್ ಪದ ‘ಪ್ರೊಸೋಪಾನ್’. ಮುಖ, ರಂಗದ ಮುಖವಾಡ, ಪಾತ್ರ, ಈ ಮೂರೂ ಅರ್ಥ ಅದಕ್ಕುಂಟು. ಈ ಹೋಲಿಕೆ ಅಲಂಕಾರಕ್ಕಾಗಿ ಬಂದದ್ದಲ್ಲ. ಆ ಕಾಲದ ನಾಟಕಗಳ ಹಸ್ತಪ್ರತಿಗಳಲ್ಲಿ ಮಾತಾಡುವವರು ಬದಲಾದರು ಎಂಬುದಕ್ಕೆ ಅಂಚಿನಲ್ಲಿ ಒಂದು ಗೀಟು, ಸಾಲಿನ ನಡುವೆ ಎರಡು ಚುಕ್ಕಿ ಇರುತ್ತಿದ್ದವು. ಪಾತ್ರದ ಹೆಸರು ಬಹಳ ಕಡೆ ಇರುತ್ತಲೇ ಇರಲಿಲ್ಲ. ಯಾವ ಸಾಲು ಯಾರದೆಂದು ಓದುವವನೇ ತೀರ್ಮಾನಿಸಬೇಕು. ಗ್ರೀಕ್ ಶಾಲೆಯಲ್ಲಿ ಹೋಮರನನ್ನೂ ನಾಟಕಗಳನ್ನೂ ಓದಿ ಬೆಳೆದವನಿಗೆ ಇದು ದಿನನಿತ್ಯದ ಅಭ್ಯಾಸ. ಅಂಥವನ ಕೈಗೆ ಕೀರ್ತನೆಗಳು ಬಂದಾಗ ಅವನು ಮೊದಲು ಹುಡುಕಿದ್ದು ಪಾತ್ರವನ್ನು.

ಈ ಸೂತ್ರ ಎಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತೋ ಅಲ್ಲೇ ಅದರ ಸತ್ವ ತಿಳಿಯುತ್ತದೆ. ಆ ಜಾಗ 22ನೆಯ ಕೀರ್ತನೆ. (ಗ್ರೀಕ್ ಮತ್ತು ಲ್ಯಾಟಿನ್ ಪಾಠಗಳು 9 ಮತ್ತು 10ನೆಯ ಹಾಡುಗಳನ್ನು ಒಂದಾಗಿ ಎಣಿಸುವುದರಿಂದ ಅವರಿಗೆ ಇದು 21ನೆಯದು, ಇಲ್ಲಿ ಕನ್ನಡ ಬೈಬಲಿನ ಎಣಿಕೆಯನ್ನೇ ಇಟ್ಟುಕೊಂಡಿದ್ದೇನೆ.) ದೇವರು ತನ್ನನ್ನೇಕೆ ತೊರೆದನೆಂದು ಕೇಳುವ ಅದರ ಮೊದಲ ಕೂಗನ್ನು ಮಾರ್ಕ ಮತ್ತು ಮತ್ತಾಯರ ಸುವಾರ್ತೆಗಳಲ್ಲಿ ಯೇಸು ಶಿಲುಬೆಯ ಮೇಲೆ ಕೂಗುತ್ತಾನೆ. ಆದ್ದರಿಂದ ಈ ಹಾಡಿನ ‘ನಾನು’ ಕ್ರಿಸ್ತನೇ ಎಂಬುದರಲ್ಲಿ ಹೆಚ್ಚಿನವರಿಗೆ ಸಂಶಯವಿರಲಿಲ್ಲ. ತೊಡಕಿದ್ದದ್ದು ಆ ಕೂಗಿನ ಮುಂದಿನ ಅರ್ಧದಲ್ಲಿ. ಹೀಬ್ರೂವಿನಲ್ಲಿ ಅಲ್ಲಿ ಗರ್ಜನೆ, ನರಳಾಟ ಎಂಬರ್ಥದ ಪದವಿದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದಲ್ಲಿ ಮೊದಲಾದ ಗ್ರೀಕ್ ಅನುವಾದ ಪರಂಪರೆ, ಎಂದರೆ ‘ಸೆಪ್ಟುವಜಿಂಟ್’, ಆ ಜಾಗದಲ್ಲಿ ‘ಅಪರಾಧಗಳು’ ಎಂಬರ್ಥದ ಪದ ಹಾಕಿತು. ಅದರಿಂದ ಲ್ಯಾಟಿನ್ನಿಗೂ ಅದೇ ಇಳಿಯಿತು. ಹೀಗಾಗಿ ಹಾಡುವವನು ತನ್ನ ಅಪರಾಧಗಳ ಮಾತು ತನ್ನನ್ನು ರಕ್ಷಣೆಯಿಂದ ದೂರ ಮಾಡಿದೆ ಎಂದಂತಾಯಿತು. ಪಾಪವೇ ಇಲ್ಲದವನೆಂದು ನಂಬಿದ ಕ್ರಿಸ್ತನು ತನ್ನ ಅಪರಾಧಗಳು ಎಂದು ಹೇಗೆ ಹೇಳಿಯಾನು?

ಅಂತಿಯೋಕ್ಯದ ಪಾಠಶಾಲೆಯಲ್ಲಿ ಬೆಳೆದ ಮೊಪ್ಸುಯೆಸ್ತಿಯದ ಬಿಷಪ್ ಥಿಯೊಡೋರ್ (ಸುಮಾರು 350–428) ಕೊಟ್ಟ ಉತ್ತರಕ್ಕೆ ಧೈರ್ಯ ಬೇಕಿತ್ತು. ಹಾಗೆ ಹೇಳಲಾರ, ಆದ್ದರಿಂದ ಈ ಹಾಡು ಕ್ರಿಸ್ತನದಲ್ಲ. ಮಗ ಅಬ್ಷಾಲೋಮನ ಬಂಡಾಯದಿಂದ ನೊಂದ ದಾವೀದನದು. ಯಾತನೆಯಲ್ಲಿರುವ ಯಾವ ಭಕ್ತನೂ ಹಳೆಯ ಹಾಡೊಂದನ್ನು ನೆನೆದುಕೊಳ್ಳುವ ಹಾಗೆ ಯೇಸುವೂ ಅದನ್ನು ಬಳಸಿಕೊಂಡ, ಅಷ್ಟೆ. ಇಡೀ ಪುಸ್ತಕದಲ್ಲಿ 2, 8, 45 ಮತ್ತು 110, ಈ ನಾಲ್ಕೇ ಕೀರ್ತನೆಗಳು ನೇರವಾಗಿ ಕ್ರಿಸ್ತನನ್ನು ಕುರಿತವು ಎಂದು ಅವನ ಎಣಿಕೆ. ಒಂದು ಹಾಡಿನಲ್ಲಿ ಆರಂಭದಿಂದ ಕೊನೆಯವರೆಗೆ ಒಬ್ಬನೇ ಮಾತಾಡಬೇಕು, ನಡುವೆ ಮುಖವಾಡ ಬದಲಾಯಿಸಬಾರದು ಎಂಬ ಹಟ ಅವನದು. ಅವನು ಸತ್ತು 125 ವರ್ಷಗಳ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನನ್ನು ಖಂಡಿಸಿತು. ಖಂಡನೆಗಾಗಿ ಎತ್ತಿ ಓದಿದ ಭಾಗಗಳಲ್ಲಿ ಈ 22ನೆಯ ಕೀರ್ತನೆಯ ವ್ಯಾಖ್ಯಾನವೂ ಸೇರಿತ್ತು. ಪೂರ್ವ ಸಿರಿಯಾಕ್ ಸಭೆಗಾದರೋ ಅವನು ‘ವ್ಯಾಖ್ಯಾನಕಾರ’ ಎಂಬ ಬಿರುದಿನಲ್ಲೇ ಪೂಜ್ಯನಾಗಿ ಉಳಿದ.

ಇಂದಿನ ಓದುಗರಿಗೆ ಥಿಯೊಡೋರ್ ಪ್ರಿಯನಾಗುವುದು ಸಹಜ. ಅವನಲ್ಲಿ ನಮ್ಮ ಚರಿತ್ರೆಯ ಪ್ರಜ್ಞೆ ಕಾಣಿಸುತ್ತದೆ. ಆದರೆ ಅವನನ್ನು ಆಧುನಿಕ ವಿಮರ್ಶಕನೆಂದು ಹೊಗಳುವವರು ಒಂದನ್ನು ಮರೆಯುತ್ತಾರೆ. ಎಲ್ಲ 150 ಹಾಡುಗಳೂ ದಾವೀದನವೇ ಎಂದು ಅವನು ನಂಬಿದ್ದ. ಆದರೆ ಹಲವು ಹಾಡುಗಳ ಸಂದರ್ಭ ಹಿಜ್ಕೀಯನ ಕಾಲಕ್ಕೆ, ಬಾಬಿಲೋನಿನ ಸೆರೆಗೆ, ಮಕ್ಕಬಿಯರ ಯುದ್ಧಗಳಿಗೆ ಹೊಂದುತ್ತದೆ ಎಂದು ಅವನಿಗೆ ಕಂಡಿತು. ಹಾಗಾದರೆ ದಾವೀದನು ಮುಂದೆಂದೋ ಹುಟ್ಟಲಿದ್ದ ಆ ಜನರ ಪಾತ್ರವನ್ನು ತಾಳಿ ಹಾಡಿದ್ದಾನೆ ಎಂದ! ಮುಖವಾಡವನ್ನು ಬಾಗಿಲಲ್ಲಿ ತಡೆದವನು ಕಿಟಕಿಯಿಂದ ಒಳಗೆ ಬಿಟ್ಟುಕೊಂಡ. ಅಲೆಗ್ಸಾಂಡ್ರಿಯದವರದು ರೂಪಕ, ಅಂತಿಯೋಕ್ಯದವರದು ಚರಿತ್ರೆ ಎಂದು ಪಠ್ಯಪುಸ್ತಕಗಳು ಎಳೆಯುವ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ಎರಡು ಪಾಠಶಾಲೆಗಳೂ ಕೇಳಿದ್ದು ಒಂದೇ ಪ್ರಶ್ನೆ, ಜಗಳವಿದ್ದದ್ದು ಉತ್ತರದಲ್ಲಿ.

ಅದೇ ತೊಡಕಿಗೆ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ (354–430) ಬೇರೊಂದು ಪರಿಹಾರ ಕೊಟ್ಟ. ಸುಮಾರು 392ರಿಂದ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅವನು ಕೀರ್ತನೆಗಳನ್ನು ವಿವರಿಸಿದ, ಕೆಲವನ್ನು ಬರೆಸಿ, ಬಹಳಷ್ಟನ್ನು ಜನರ ಮುಂದೆ ಉಪದೇಶಿಸಿ. 150ಕ್ಕೆ 150ನ್ನೂ ಒಳಗೊಂಡ ಈ ವ್ಯಾಖ್ಯಾನ ಅವನ ಕೃತಿಗಳಲ್ಲೆಲ್ಲ ದೊಡ್ಡದು. ಅವನ ಉತ್ತರ ನಿಂತಿರುವುದು ದಮಸ್ಕದ ದಾರಿಯ ಪ್ರಸಂಗದ ಮೇಲೆ. ಅಲ್ಲಿ ಸೌಲನು (ಮುಂದೆ ಪೌಲನಾದವನು) ಪೀಡಿಸುತ್ತಿದ್ದದ್ದು ಭೂಮಿಯ ಮೇಲಿದ್ದ ವಿಶ್ವಾಸಿಗಳನ್ನು; ಆದರೆ ಆಕಾಶದಿಂದ ಬಂದ ಕ್ರಿಸ್ತನ ದನಿ, ಪೀಡೆ ತನಗೇ ಆಗುತ್ತಿದೆ ಎಂದು ದೂರಿತು. ಅಗಸ್ಟೀನ್ ಇದನ್ನು ಜನಸಾಮಾನ್ಯರಿಗೆ ಬಿಡಿಸಿ ಹೇಳುವ ರೀತಿ ಸೊಗಸಾಗಿದೆ: ಜಾತ್ರೆಯ ನೂಕುನುಗ್ಗಲಿನಲ್ಲಿ ಯಾರೋ ಕಾಲು ತುಳಿದರೆ ಕೂಗುವುದು ನಾಲಿಗೆ, ನಾಲಿಗೆಯನ್ನು ಯಾರೂ ಮುಟ್ಟಿಲ್ಲ, ಆದರೂ ತನ್ನನ್ನು ತುಳಿದರೆಂದೇ ಅದು ಹೇಳುತ್ತದೆ, ಮತ್ತು ಅದು ಸುಳ್ಳಲ್ಲ. (ಜಾತ್ರೆ ನನ್ನದು, ಅವನು ಬರೀ ಗುಂಪು ಎಂದಿದ್ದಾನೆ.) ಕ್ರಿಸ್ತ ತಲೆ, ಸಭೆ ದೇಹ, ಎರಡೂ ಸೇರಿ ‘ಸಮಗ್ರ ಕ್ರಿಸ್ತ’. ಕೀರ್ತನೆಯಲ್ಲಿ ಮಾತಾಡುವವನು ಅವನೊಬ್ಬನೇ. ಕೆಲವೊಮ್ಮೆ ತಲೆಯ ಮಾತು ಕೇಳುತ್ತದೆ, ಕೆಲವೊಮ್ಮೆ ದೇಹದ್ದು. ಹಾಗಾಗಿ ಅಪರಾಧಗಳು ದೇಹದವು, ನಾಲಿಗೆ ತಲೆಯದು.

ಇಲ್ಲಿ ಚರಿತ್ರೆಯ ಒಂದು ಕುಹಕವಿದೆ. ತಲೆ ಮತ್ತು ದೇಹದ ಮಾತನ್ನು ವಿಂಗಡಿಸಿ ಓದುವ ನಿಯಮವನ್ನು ಅಗಸ್ಟೀನ್ ಕಲಿತದ್ದು ಟೈಕೋನಿಯಸ್ ಎಂಬವನ ‘ನಿಯಮಗಳ ಪುಸ್ತಕ’ದಿಂದ. ಈ ಟೈಕೋನಿಯಸ್, ಅಗಸ್ಟೀನನು ಬಹುಕಾಲ ಎದುರಿಸಿದ ಡೊನಾಟಿಸ್ಟ್ ಪಂಗಡದವನು. ಕೊನೆಗೆ ಅವನ ಪಂಗಡದವರೇ ಅವನನ್ನು ಹೊರಹಾಕಿದರು. ಕ್ರಿಸ್ತನ ಯಾತನೆಯನ್ನು ನೆನೆಯುವ ದಿನ ಇದೇ 22ನೆಯ ಕೀರ್ತನೆಯ ಮೇಲೆ ಮಾಡಿದ ಉಪದೇಶದಲ್ಲಿ ಅಗಸ್ಟೀನ್ ಡೊನಾಟಿಸ್ಟರ ಮೇಲೆಯೇ ಹರಿಹಾಯುತ್ತಾನೆ. ಹಾಡಿನ ಕೊನೆಯಲ್ಲಿ ಭೂಮಿಯ ಎಲ್ಲ ಅಂಚುಗಳೂ ದೇವರ ಕಡೆಗೆ ತಿರುಗುವ ಮಾತಿದೆ. ಆಫ್ರಿಕದ ಒಂದು ಮೂಲೆಯಲ್ಲಿ ಕುಳಿತು ತಾವಷ್ಟೇ ಶುದ್ಧರೆನ್ನುವವರಿಗೆ ಇದು ಕೇಳಿಸದೇ ಎಂದು ಅವನ ಪ್ರಶ್ನೆ. ಶಿಲುಬೆಯ ಬುಡದಲ್ಲಿ ಸೈನಿಕರು ಅಂಗಿಯನ್ನು ಹರಿಯದೆ ಚೀಟಿ ಹಾಕಿದರು, ನೀವಾದರೋ ಸಭೆಯನ್ನೇ ಹರಿದಿರಿ ಎಂಬುದು ಆ ಉಪದೇಶದ ಇನ್ನೊಂದು ಏಟು. ‘ದೇಹ’ ಎಂಬ ಮಾತು ಅವನಿಗೆ ಭಕ್ತಿಯ ಮಾತೂ ಹೌದು, ಸಭೆಯ ರಾಜಕೀಯದ ಆಯುಧವೂ ಹೌದು.

ಈಗ ಆಕ್ಷೇಪಗಳು. ಮೊದಲನೆಯದೇ ಎಲ್ಲಕ್ಕಿಂತ ತೂಕದ್ದು. ಈ ಇಡೀ ಕಟ್ಟಡ ತಪ್ಪು ಅನುವಾದವೊಂದರ ಮೇಲೆ ನಿಂತಿಲ್ಲವೇ? ಹೀಬ್ರೂವಿನಲ್ಲಿರುವುದು ನರಳಾಟ; ಅದನ್ನೇ ಓದಿಕೊಂಡಿದ್ದರೆ ಥಿಯೊಡೋರನ ನಿರಾಕರಣೆಯೂ ಬೇಕಿರಲಿಲ್ಲ, ಅಗಸ್ಟೀನನ ಸಮಗ್ರ ಕ್ರಿಸ್ತನೂ ಬೇಕಿರಲಿಲ್ಲ ಎನ್ನಬಹುದು. 22ನೆಯ ಕೀರ್ತನೆಯ ಮಟ್ಟಿಗೆ ಈ ಮಾತು ನಿಜ. ಆದರೆ ಅದರಿಂದ ಕಟ್ಟಡ ಬೀಳುವುದಿಲ್ಲ. ಆಪ್ತನೊಬ್ಬನು ತನ್ನೊಡನೆ ಉಂಡು ದ್ರೋಹ ಬಗೆದನೆಂಬ 41ನೆಯ ಕೀರ್ತನೆಯ ಮಾತನ್ನು ಯೋಹಾನನ ಸುವಾರ್ತೆ ಯೂದನಿಗೆ ಅನ್ವಯಿಸುತ್ತದೆ; ಅದೇ ಹಾಡಿನಲ್ಲಿ ಸ್ವಲ್ಪ ಮೊದಲು ಅದೇ ‘ನಾನು’ ದೇವರ ವಿರುದ್ಧ ಪಾಪ ಮಾಡಿದ್ದನ್ನು ಒಪ್ಪಿಕೊಳ್ಳುತ್ತಾನೆ. 69ನೆಯ ಕೀರ್ತನೆಯನ್ನು ಯೋಹಾನನೂ ಪೌಲನೂ ಕ್ರಿಸ್ತನ ಮಾತೆಂದೇ ಬಳಸುತ್ತಾರೆ. ಅಲ್ಲೂ ಮೂರ್ಖತನ ಮತ್ತು ಅಪರಾಧಗಳ ನಿವೇದನೆ ಉಂಟು. ಇಬ್ರಿಯರಿಗೆ ಬರೆದ ಪತ್ರ 40ನೆಯ ಕೀರ್ತನೆಯನ್ನು ಲೋಕಕ್ಕೆ ಬರುವ ಕ್ರಿಸ್ತನ ಬಾಯಲ್ಲಿ ಇಡುತ್ತದೆ. ಅದರ ಮುಂದಿನ ಭಾಗದಲ್ಲಿ ಆ ‘ನಾನು’ ತನ್ನ ಪಾಪಗಳು ಲೆಕ್ಕಕ್ಕೆ ಸಿಗದಷ್ಟು ಎನ್ನುತ್ತಾನೆ. ಈ ಮೂರು ಕಡೆಯೂ ಅನುವಾದದ ದೋಷವಿಲ್ಲ, ಹೀಬ್ರೂವಿನಲ್ಲೇ ಹಾಗಿದೆ. ಅಂದರೆ ತೊಡಕು ಒಂದು ಪದದ್ದಲ್ಲ. ಪ್ರಾರ್ಥಿಸುವವನ ಹಾಡನ್ನು ಪ್ರಾರ್ಥನೆ ಕೇಳುವವನ ಬಾಯಲ್ಲಿ ಇಟ್ಟ ಕ್ಷಣದಲ್ಲೇ, ಹೊಸ ಒಡಂಬಡಿಕೆಯೊಳಗೇ, ಆ ತೊಡಕು ಹುಟ್ಟಿತ್ತು. ನಂತರದವರು ಅದನ್ನು ಮುಚ್ಚಿಡಬಹುದಿತ್ತು, ತಮಗೆ ಬೇಕಾದ ಸಾಲನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಡಬಹುದಿತ್ತು. ಹಾಗೆ ಮಾಡದೆ ಇಡೀ ಹಾಡನ್ನು ಓದಿದ್ದಕ್ಕೇ ಅವರು ಪೇಚಿಗೆ ಸಿಕ್ಕಿದ್ದು.

ಎರಡನೆಯ ಆಕ್ಷೇಪಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಈ ಹಾಡುಗಳು ಯೆಹೂದ್ಯರವು. ‘ನಾನು’ ಎಂದರೆ ಕ್ರಿಸ್ತ, ಆತನ ದೇಹವೆಂದರೆ ನಾವು ಎಂದು ಹೇಳಿದಾಗ ಅವುಗಳ ಮೊದಲ ಒಡೆಯರನ್ನು ಮನೆಯಿಂದ ಹೊರಗೆ ಕಳಿಸಿದಂತಾಯಿತು. ಜಸ್ಟಿನ್ ಇನ್ನೂ ಮುಂದೆ ಹೋಗಿ, 96ನೆಯ ಕೀರ್ತನೆಯಲ್ಲಿ ದೇವರು ಆಳಿದನೆಂಬ ಮಾತಿನ ಜೊತೆಗಿದ್ದ ‘ಮರದಿಂದ’ ಎಂಬ ಪದವನ್ನು ಯೆಹೂದಿ ಮುಖಂಡರು ಕಿತ್ತುಹಾಕಿದರೆಂದು ಟ್ರೈಫೋ ಎಂಬ ಯೆಹೂದಿಯೊಡನೆ ನಡೆಯುವ ‘ಸಂವಾದ’ದಲ್ಲಿ ದೂರುತ್ತಾನೆ. ಹೀಬ್ರೂ ಪಾಠದಲ್ಲಿ ಆ ಪದ ಇಲ್ಲವೇ ಇಲ್ಲ. ಶಿಲುಬೆಯನ್ನು ನೆನಪಿಗೆ ತರಲೆಂದು ಕ್ರೈಸ್ತ ಕೈಯೊಂದು ಸೇರಿಸಿದ್ದು ಅದು. ಸೇರಿಸಿದವರೇ ಕಿತ್ತರೆಂದು ದೂರಿದ್ದು ದೊಡ್ಡ ಅನ್ಯಾಯ. ಲ್ಯಾಟಿನ್ ಲೇಖಕ ಟೆರ್ಟುಲಿಯನ್ ಆ ಪದವನ್ನು ಮೂಲದ್ದೆಂದೇ ನಂಬಿದ. 6ನೆಯ ಶತಮಾನದಲ್ಲಿ ವೆನಾಂಟಿಯಸ್ ಫಾರ್ಚುನಾಟಸ್ ಶಿಲುಬೆಯ ಮೇಲೆ ಕಟ್ಟಿದ ಹಾಡಿನಲ್ಲಿಯೂ ಅದು ದಾವೀದನ ಮಾತಾಗಿಯೇ ಉಳಿಯಿತು.

ಆದರೆ ಎಲ್ಲರೂ ಜಸ್ಟಿನ್ ಅಲ್ಲ. 3ನೆಯ ಶತಮಾನದ ಒರಿಗೆನ್, ಹೀಬ್ರೂ ಪಾಠವನ್ನೂ ಗ್ರೀಕ್ ಅನುವಾದಗಳನ್ನೂ ಸಾಲುಸಾಲಾಗಿ ಅಕ್ಕಪಕ್ಕ ಬರೆಸಿ ‘ಹೆಕ್ಸಾಪ್ಲ’ ಎಂಬ ಬೃಹತ್ ಗ್ರಂಥ ಸಿದ್ಧಪಡಿಸಿದವನು, ಯಾರ ಮಾತು ಎಂಬ ಪ್ರಶ್ನೆಯನ್ನೇ ಹಿಡಿದು ಯೆಹೂದಿ ವಿದ್ವಾಂಸರ ಬಳಿ ಹೋದ. ತಲೆಬರಹವಿಲ್ಲದ ಹಾಡು ಅದರ ಹಿಂದಿನ ತಲೆಬರಹದಲ್ಲಿ ಹೆಸರಿಸಿದವನದು, ಹಾಗಾಗಿ 90ರಿಂದ 100ರವರೆಗಿನ ಹಾಡುಗಳು ಮೋಶೆಯವು ಎಂದು ಯೂಲೋಸ್ ಎಂಬ ಯೆಹೂದಿ ಹಿರಿಯನಿಂದ ತಿಳಿದದ್ದನ್ನು ಅವನೇ ಹೇಳಿಕೊಂಡಿದ್ದಾನೆ. ಇನ್ನೊಬ್ಬ ಯೆಹೂದಿ ಗುರುವಿನಿಂದ ಬಂತೆಂದು ಅವನು ಕೃತಜ್ಞತೆಯಿಂದ ದಾಖಲಿಸಿದ ಹೋಲಿಕೆಯೊಂದಿದೆ: ಶಾಸ್ತ್ರವೆಂದರೆ ಬೀಗ ಹಾಕಿದ ಬಹಳ ಕೋಣೆಗಳ ಮನೆ, ಪ್ರತಿ ಬಾಗಿಲ ಬಳಿಯೂ ಒಂದು ಕೀಲಿಕೈ ಇದೆ, ಆದರೆ ಅದು ಆ ಬಾಗಿಲಿನದಲ್ಲ. ಯಾವ ಕೀಲಿ ಯಾವ ಬೀಗಕ್ಕೆ ಎಂದು ಹುಡುಕುವುದೇ ಓದುವವನ ಕೆಲಸ. 2012ರಲ್ಲಿ ಮ್ಯೂನಿಕ್‌ನ ಬವೇರಿಯ ರಾಜ್ಯ ಗ್ರಂಥಾಲಯದಲ್ಲಿ ಗ್ರೀಕ್ ಹಸ್ತಪ್ರತಿಗಳ ಪಟ್ಟಿ ಮಾಡುತ್ತಿದ್ದ ಮರೀನಾ ಮೊಲಿನ್ ಪ್ರಡೆಲ್ ಅವರಿಗೆ ಕೀರ್ತನೆಗಳ ಮೇಲಿನ 29 ಉಪದೇಶಗಳು ಸಿಕ್ಕವು. ಅವುಗಳಲ್ಲಿ ನಾಲ್ಕು, ರುಫೀನಸ್ ಮಾಡಿದ ಲ್ಯಾಟಿನ್ ಅನುವಾದದಿಂದ ಮೊದಲೇ ಗೊತ್ತಿದ್ದವು; ಅದೇ ಸುಳಿವು ಹಿಡಿದು ಎಲ್ಲವೂ ಒರಿಗೆನನವೆಂದು ತಿಳಿಯಿತು. ಲೊರೆಂಜೊ ಪೆರೋನೆ ಅವರ ಸಂಪಾದನೆಯಲ್ಲಿ 2015ರಲ್ಲಿ ಅವು ಅಚ್ಚಾದವು. ಒರಿಗೆನನ ಬಗ್ಗೆ ಕೊನೆಯ ಮಾತು ಹೇಳುವ ಆತುರ ನಮಗೆ ಬೇಡ.

137ನೆಯ ಕೀರ್ತನೆಯ ಶಾಪವನ್ನೂ ಇಲ್ಲಿ ಎತ್ತಬೇಕು. ಬಾಬಿಲೋನಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನೆಂದು ಆ ಹಾಡು ಮುಗಿಯುತ್ತದೆ. ಒರಿಗೆನ್, ಕ್ರೈಸ್ತ ಧರ್ಮವನ್ನು ಟೀಕಿಸಿದ ಸೆಲ್ಸಸ್‌ಗೆ ಕೊಟ್ಟ ಉತ್ತರದಲ್ಲಿ ಈ ಕೂಸುಗಳನ್ನು ಮನಸ್ಸಿನಲ್ಲಿ ಆಗತಾನೆ ಹುಟ್ಟಿದ ಕೆಟ್ಟ ಯೋಚನೆಗಳೆಂದು ಓದುತ್ತಾನೆ. ಅಗಸ್ಟೀನ್, ಸಂನ್ಯಾಸಿಗಳಿಗೆ ನಿಯಮ ಬರೆದ ಬೆನೆಡಿಕ್ಟ್ ಇಬ್ಬರೂ ಅದೇ ದಾರಿ ಹಿಡಿದರು. ಕೂಸುಗಳು ಬದುಕಿಕೊಂಡವು, ಒಳ್ಳೆಯದೇ ಆಯಿತು. ಆದರೆ ಊರು ಸುಟ್ಟುಹೋದವರ ಕರುಳಿನ ಕಿಚ್ಚೂ ಅದರ ಜೊತೆಗೆ ಮಾಯವಾಯಿತು. ಇಲ್ಲಿ ಥಿಯೊಡೋರನ ಹಟವೇ ಮೇಲೆಂದು ನನಗೆ ತೋರುತ್ತದೆ: ಈ ಮಾತು ಸೆರೆಹೋದವರದು, ಅವರದಾಗಿಯೇ ಇರಲಿ.

ಇಷ್ಟಾಗಿಯೂ, ಯಾರ ಮಾತು ಎಂಬ ಪ್ರಶ್ನೆ ಪಂಡಿತರ ವ್ಯಾಖ್ಯಾನದಲ್ಲೇ ಉಳಿದಿದ್ದರೆ ಕೀರ್ತನೆಗಳ ಚರಿತ್ರೆ ಬೇರೆಯಾಗುತ್ತಿತ್ತು. ಅದು ಹಾಡುವವರ ಬಾಯಿಗೆ ಇಳಿಯಿತು. ಅಲೆಗ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ (ಮರಣ 373) ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಮಾರ್ಸೆಲಿನಸ್ ಎಂಬವನಿಗೆ ಬರೆದ ಪತ್ರ ಇದಕ್ಕೆ ಮುಖ್ಯ ಸಾಕ್ಷಿ. ಒಬ್ಬ ವೃದ್ಧ ಹೇಳಿದ್ದೆಂದು ಅವನು ಮುಂದಿಡುವ ವಾದ ಹೀಗಿದೆ: ಮೋಶೆಯ ಕಥೆಯನ್ನೋ ಪ್ರವಾದಿಯ ಗ್ರಂಥವನ್ನೋ ಓದುವಾಗ ಅದು ಅವರ ಮಾತೆಂಬ ಅರಿವು ನಮಗಿರುತ್ತದೆ, ಕೀರ್ತನೆಯನ್ನು ಮಾತ್ರ ನಾವು ನಮ್ಮದೇ ಮಾತೆಂಬಂತೆ ಹೇಳುತ್ತೇವೆ, ಅದು ನಮ್ಮ ಒಳಗನ್ನು ತೋರಿಸುವ ಕನ್ನಡಿಯಾಗುತ್ತದೆ. ಮುಂದೆ ಅವನು ಭಯವಾದಾಗ ಇದು, ಬಿಡುಗಡೆಯಾದಾಗ ಅದು ಎಂದು ಸಂಖ್ಯೆ ಸಮೇತ ಹಾಡುಗಳನ್ನು ಗೊತ್ತುಮಾಡುತ್ತಾನೆ, ವೈದ್ಯ ಚೀಟಿ ಬರೆದುಕೊಟ್ಟಂತೆ. 5ನೆಯ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಈಜಿಪ್ಟಿನ ಮರುಭೂಮಿಯ ಐಸಾಕ್ ಎಂಬ ಹಿರಿಯ ಸಂನ್ಯಾಸಿಯ ಬಾಯಿಂದ ಹೇಳಿಸುವುದು ಇನ್ನೂ ತೀಕ್ಷ್ಣ: ಪಕ್ವನಾದ ಸಂನ್ಯಾಸಿ ಕೀರ್ತನೆಯನ್ನು ಪ್ರವಾದಿ ಕಟ್ಟಿದ್ದೆಂದು ಹಾಡುವುದಿಲ್ಲ, ತಾನೇ ಆ ಗಳಿಗೆಯಲ್ಲಿ ಕಟ್ಟಿದೆನೆಂಬಂತೆ ಹಾಡುತ್ತಾನೆ. ಸಹಾಯಕ್ಕೆ ಬೇಗ ಬರಬೇಕೆಂದು ದೇವರನ್ನು ಬೇಡುವ 70ನೆಯ ಕೀರ್ತನೆಯ ಮೊದಲ ಮಾತೊಂದನ್ನೇ ಹಗಲಿರುಳು ಜಪಿಸಬೇಕೆಂದೂ ಅದೇ ಐಸಾಕ್ ಹೇಳುತ್ತಾನೆ. 6ನೆಯ ಶತಮಾನದ ಬೆನೆಡಿಕ್ಟನ ನಿಯಮ 150 ಹಾಡುಗಳನ್ನೂ ವಾರಕ್ಕೊಮ್ಮೆ ಮುಗಿಸಲೇಬೇಕೆಂದು ವಿಧಿಸಿತು. ಹಿಂದಿನವರು ಒಂದೇ ದಿನದಲ್ಲಿ ಮುಗಿಸುತ್ತಿದ್ದುದನ್ನು ನೆನೆಸಿ, ತಮ್ಮ ಸೋಮಾರಿತನಕ್ಕೆ ನಾಚಿಕೊಳ್ಳುವ ಮಾತೂ ಅಲ್ಲಿದೆ.

ಹಾಡುವವನು ಕವಿಯ ಜಾಗಕ್ಕೆ ಬಂದು ನಿಂತರೆ ಅರ್ಥದ ಹತೋಟಿ ತಪ್ಪುವುದಿಲ್ಲವೇ, ನಾದದ ಸುಖವೇ ದೊಡ್ಡದಾಗುವುದಿಲ್ಲವೇ ಎಂದು ಕೇಳುವವರು ಆಗಲೂ ಇದ್ದರು. ಕಹಿ ಮದ್ದು ಕುಡಿಸಲು ಬಟ್ಟಲಿನ ಅಂಚಿಗೆ ಜೇನು ಸವರುವ ವೈದ್ಯನನ್ನು ತೋರಿಸಿ ಬಿಷಪ್ ಬೇಸಿಲ್ ಆ ಸಂಶಯವನ್ನು ಹಗುರಾಗಿ ತಳ್ಳಿಹಾಕಿದ. ಅಗಸ್ಟೀನನಿಗೆ ಅದು ಅಷ್ಟು ಹಗುರಾಗಿರಲಿಲ್ಲ. 386ರಲ್ಲಿ ಮಿಲಾನಿನ ಅರಮನೆಯ ಸೈನಿಕರು ಚರ್ಚನ್ನು ಸುತ್ತುವರಿದಾಗ ಬಿಷಪ್ ಆಂಬ್ರೋಸ್ ಜನರು ಎದೆಗುಂದದಿರಲೆಂದು ಪೂರ್ವ ದೇಶಗಳ ರೀತಿಯಲ್ಲಿ ಕೀರ್ತನೆ ಹಾಡಿಸಿದ್ದನ್ನೂ, ಆ ಹಾಡು ಕೇಳಿ ತಾನು ಅತ್ತದ್ದನ್ನೂ ಅವನು ಬರೆದಿದ್ದಾನೆ. ಆದರೂ ಕಿವಿಯ ಸುಖಕ್ಕೆ ಸೋತೆನೇನೋ ಎಂಬ ಅಳುಕಿನಲ್ಲಿ, ಮಾತಿಗೆ ಹತ್ತಿರವಾಗುವಷ್ಟು ಕಡಿಮೆ ರಾಗದಲ್ಲಿ ಓದಿಸುತ್ತಿದ್ದ ಅಥನೇಸಿಯಸ್ಸನದೇ ಸುರಕ್ಷಿತ ದಾರಿ ಎಂದೂ ಒಂದು ಗಳಿಗೆ ಯೋಚಿಸುತ್ತಾನೆ. ಕೊನೆಗೆ ಹಾಡುವುದನ್ನೇ ಒಪ್ಪುತ್ತಾನೆ, ಪೂರ್ತಿ ಮನಸ್ಸಿಲ್ಲದೆ.

ಹತೋಟಿ ತಪ್ಪಿತೇ ಎಂಬುದಕ್ಕೆ ಜೆರೋಮನ ಅನುಭವವೇ ಉತ್ತರ ಹೇಳೀತು. ಅವನು ಬೆತ್ಲೆಹೇಮಿನಲ್ಲಿ ಕುಳಿತು ಕೀರ್ತನೆಗಳನ್ನು ಮೊದಲು ಒರಿಗೆನನ ಗ್ರೀಕ್ ಪಾಠದಿಂದ ತಿದ್ದಿದ. ಆಮೇಲೆ 392ರ ಸುಮಾರಿಗೆ ಹೀಬ್ರೂವಿನಿಂದಲೇ ಹೊಸದಾಗಿ ಲ್ಯಾಟಿನ್ನಿಗೆ ತಂದ. 22ನೆಯ ಕೀರ್ತನೆಯ ಆ ಜಾಗದಲ್ಲಿ ‘ಅಪರಾಧ’ ಹೋಗಿ ‘ಗರ್ಜನೆ’ ಬಂತು. ಸರಿಯಾದ ಪಾಠ ಕೈಗೆ ಸಿಕ್ಕಿತ್ತು, ಅದೂ ಆ ಕಾಲದ ಲ್ಯಾಟಿನ್ ಜಗತ್ತಿನ ಅತ್ಯಂತ ದೊಡ್ಡ ಪಂಡಿತನಿಂದ. ಪಂಡಿತರು ಅದನ್ನು ನಕಲು ಮಾಡಿಕೊಂಡರು, ಹೋಲಿಸಿ ನೋಡಿದರು, ಕಪಾಟಿನಲ್ಲಿಟ್ಟರು. ಚರ್ಚುಗಳಲ್ಲಿ ಗಟ್ಟಿಯಾಗಿ ನಿಂತದ್ದು ಮಾತ್ರ ಗ್ರೀಕಿನಿಂದ ತಿದ್ದಿದ ಮೊದಲಿನ ಪಾಠ. ಬೆತ್ಲೆಹೇಮಿನ ಹೊಲಗಳಲ್ಲಿ ಕೊಯ್ಲು ಮಾಡುವವನೂ ಕೀರ್ತನೆ ಹಾಡುತ್ತಾನೆಂದು ಜೆರೋಮನ ಜೊತೆಗಿದ್ದ ಪೌಲಾ ಮತ್ತು ಯೂಸ್ಟೋಕಿಯಂ ಎಂಬ ಸ್ತ್ರೀಯರು ರೋಮಿಗೆ ಬರೆದ ಪತ್ರವೊಂದರಲ್ಲಿದೆ. ಹಾಗೆ ಬಾಯಿಗೆ ಬಂದ ಮಾತನ್ನು ಯಾವ ತಿದ್ದುಪಡಿ ಬದಲಾಯಿಸೀತು? ಲ್ಯಾಟಿನ್ ಸಭೆ ಸಾವಿರಕ್ಕೂ ಹೆಚ್ಚು ವರ್ಷ ಆ ಕೂಗನ್ನು ‘ಅಪರಾಧ’ದ ಪದದೊಡನೆಯೇ ಹಾಡಿತು. ಕನ್ನಡ ಬೈಬಲ್ ಹೀಬ್ರೂವಿನ ದಾರಿ ಹಿಡಿದಿದೆ. ನಮ್ಮ 22ನೆಯ ಕೀರ್ತನೆಯನ್ನು ತೆರೆದರೆ ಅಲ್ಲಿ ಕೂಗಿನ ಮಾತಿದೆ, ಅಪರಾಧದ ಮಾತಿಲ್ಲ. ಥಿಯೊಡೋರನನ್ನೂ ಅಗಸ್ಟೀನನನ್ನೂ ತಡೆದು ನಿಲ್ಲಿಸಿದ ಆ ಗಂಟು ಕನ್ನಡದಲ್ಲಿ ಓದುವವನ ಕೈಗೆ ತಗಲುವುದೇ ಇಲ್ಲ. ಅದು ಸಿಗಬೇಕಾದರೆ 41ಕ್ಕೋ 69ಕ್ಕೋ ಪುಟ ಮಗುಚಬೇಕು.